ಬದಲಿ ಟೀಚರಿಗೆ ಅಂತ ಒಂದು ಹಾಳೆ ಬರೆದಿಡೋಣ್ವಾ?

ತೀರ್ಥಹಳ್ಳಿ ಕಡೆಯ ಅತಿಥಿ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ಇಲ್ಲಿ ಟೀಚರುಗಳು, ರಿಟೈರ್ ಆದ ಮೇಷ್ಟ್ರುಗಳು, ಅಪ್ಪ ಅಮ್ಮಂದಿರು ಎಲ್ಲ ಇದ್ದೀರಿ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಾನು ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಇದು ನಾಲ್ಕನೇ ವರ್ಷ. ನಮ್ಮೂರಿಂದ ಆಚೆಗಿನ ಒಂದು ಕಿರಿಯ ಪ್ರಾಥಮಿಕ ಶಾಲೆಯ ಟೀಚರಿಗೆ ಈ ವಾರ ಮೂರು ದಿನ ತರಬೇತಿ ಇದೆ. ಅದು ಏಕೋಪಾಧ್ಯಾಯ ಶಾಲೆ. ಅವರು ಹೋದರೆ ಶಾಲೆಗೆ ಬೀಗವೇ. "ಮೂರು ದಿನ ನೀವು ಹೋಗಿ ಬನ್ನಿ" ಅಂದರು ನಮ್ಮ ಹೆಡ್‌ಮೇಷ್ಟ್ರು. ಇವತ್ತು ಮೊದಲನೇ ದಿನ. ಈಗಷ್ಟೇ ಮನೆಗೆ ಬಂದು, ಒದ್ದೆ ಬಟ್ಟೆ ಒಲೆ ಪಕ್ಕ ಹರವಿ ಕೂತಿದ್ದೇನೆ.

ಬೆಳಗ್ಗೆ ಎಂಟೂಕಾಲಿನ ಬಸ್ಸಿಗೇ ಹೊರಟೆ. ಅದು ಬಿಟ್ಟರೆ ಹತ್ತೂವರೆಗೆ. ನಮ್ಮ ದಾರಿಯಲ್ಲಿ ಓಡುವುದು ಪ್ರೈವೇಟ್ ಬಸ್ಸು ಮಾತ್ರ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗ ಊರ ಹೆಂಗಸರೆಲ್ಲ ಖುಷಿಪಟ್ಟಿದ್ದೆವು. ಸರ್ಕಾರಿ ಬಸ್ಸೇ ಬರದ ಮೇಲೆ ಟಿಕೆಟ್ ಎಲ್ಲಿ ತಪ್ಪುತ್ತದೆ? ಬಸ್ಸಿಳಿದು ಮುಕ್ಕಾಲು ಗಂಟೆ ನಡೆಯಬೇಕು. ಜುಲೈ ತಿಂಗಳು, ಕಾಲಿಗೆ ಹತ್ತಿ ರಕ್ತ ಹೀರುವ ಉಂಬಳ ಕೇಳಬೇಡಿ. ಉಪ್ಪಿನ ಗಂಟು ಕೈಯಲ್ಲೇ ಇತ್ತು.

ನಾನು ಹೋಗುವಷ್ಟರಲ್ಲಿ ಅಡುಗೆ ಅಕ್ಕ ಬೀಗ ತೆಗೆದಿದ್ದರು. ಜಗಲಿ ತುಂಬ ಕೊಡೆ ಬಿಚ್ಚಿಟ್ಟಿದ್ದರು. ಒಂದರಿಂದ ಐದನೇ ತರಗತಿ ತನಕ ಸೇರಿ ಹದಿನೇಳು ಮಕ್ಕಳು. ಮೂರನೇ ಕ್ಲಾಸಿನ ಒಬ್ಬಳು ಮೊದಲು ಕೇಳಿದ್ದೇ, "ನೀವು ಎಷ್ಟು ದಿನ ಇರ್ತೀರಿ?" ಮೂರು ದಿನ ಅಂದೆ. ಬೆರಳು ಮಡಚಿ ಎಣಿಸಿಕೊಂಡು ಪಕ್ಕದವಳಿಗೆ ಹೇಳಿದಳು. ನಮ್ಮಂಥವರಿಗೆ ಈ ಪ್ರಶ್ನೆ ಹೊಸದಲ್ಲ. ಆದರೂ ಪ್ರತಿ ಸಲ ಎದೆಗೆ ತಾಗುತ್ತದೆ.

ಪ್ರಾರ್ಥನೆ, ಹಾಜರಿ, ಆಮೇಲೆ ಹಾಲು. ಮಗುವಿಗೆ 18 ಗ್ರಾಂ ಪುಡಿ, 150 ಎಂಎಲ್ ಹಾಲು. ಅಕ್ಕ ಮೊದಲು ಸ್ವಲ್ಪ ಉಗುರುಬೆಚ್ಚಗಿನ ನೀರಿಗೆ ಪುಡಿ ಹಾಕಿ ಗಂಟಿಲ್ಲದ ಹಾಗೆ ಕಲೆಸಿ, ಆಮೇಲೆ ಕುದಿಯುವ ನೀರಿಗೆ ಸುರಿದರು. ಮಕ್ಕಳು ಲೋಟ ಹಿಡಿದು ಸಾಲಾಗಿ ನಿಂತಿದ್ದರು. ಸಾಲಿನಲ್ಲಿ ಚಿಕ್ಕವರು ಮುಂದೆ. ಯಾರೂ ಹೇಳಬೇಕಾಗಲಿಲ್ಲ.

ಪಾಠವೂ ಹಾಗೇ. ಒಂದು, ಎರಡು, ಮೂರನೇ ತರಗತಿಗೆ ನಲಿಕಲಿ, ಅಂದರೆ ಮಕ್ಕಳು ಕಾರ್ಡು ಹಿಡಿದು ತಮ್ಮ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ. ಯಾವ ಮಗು ಎಲ್ಲಿದೆ ಅಂತ ಪ್ರಗತಿ ನೋಟದಲ್ಲಿ ಹುಡುಕುತ್ತಿದ್ದೆ. ಅಷ್ಟರಲ್ಲಿ ಮಕ್ಕಳೇ ಕಲಿಕೆಯ ಮೆಟ್ಟಿಲು ತೋರಿಸುವ ಏಣಿ ಪಟ ನೋಡಿ, ತಮ್ಮ ಕಾರ್ಡು ತೆಗೆದುಕೊಂಡು, ತಮ್ಮ ತಮ್ಮ ತಟ್ಟೆಯಲ್ಲಿ, ಅಂದರೆ ಗುಂಪಿನಲ್ಲಿ, ಹೋಗಿ ಕೂತರು. ನಾನು ನಾಲ್ಕು ಮತ್ತು ಐದನೇ ತರಗತಿಯವರಿಗೆ ಭಾಗಾಕಾರ ಹಾಕಿಕೊಟ್ಟು ಇವರ ಹತ್ತಿರ ಬಂದೆ. ಒಂದನೇ ಕ್ಲಾಸಿನ ಒಬ್ಬಳು ಬೆಳಗ್ಗಿನಿಂದ ಒಂದು ಮಾತೂ ಆಡಿರಲಿಲ್ಲ. ಹೆಸರು ಕೇಳಿದರೆ ತಲೆ ಬಗ್ಗಿಸುತ್ತಾಳೆ. ಅವಳಿಗೆ ಗೋಡೆ ಸ್ಲೇಟ್ ತೋರಿಸಿದೆ. ಮಳೆಗಾಲದಲ್ಲಿ ಗೋಡೆ ಬೆವರುತ್ತದೆ, ಸೀಮೆಸುಣ್ಣ ಹಿಡಿಯುವುದಿಲ್ಲ. ಅವಳು ತನ್ನ ಲಂಗದ ತುದಿಯಿಂದ ಒಂದು ಅಂಗೈಯಷ್ಟು ಜಾಗ ಒರೆಸಿದಳು. ಬಾಯಿಂದ ಊದಿದಳು. ಆಮೇಲೆ ಒತ್ತಿ ಒತ್ತಿ "ಸರ" ಅಂತ ಬರೆದಳು. ಅದರ ಕೆಳಗೆ "ಅರಸ". ಅದರ ಕೆಳಗೆ "ಗರಗಸ". ಬರೆದು ನನ್ನ ಮುಖ ನೋಡಿದಳು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ.

ಮಧ್ಯಾಹ್ನ ಎರಡೂವರೆ ಹೊತ್ತಿಗೆ ಮಳೆ ಜೋರಾಯಿತು. ಹೆಂಚಿನ ಸದ್ದಿಗೆ ನನ್ನ ದನಿ ಹಿಂದಿನ ಸಾಲಿಗೆ ಕೇಳುತ್ತಿರಲಿಲ್ಲ. ಐದನೇ ತರಗತಿಯ ಹುಡುಗನೊಬ್ಬ ಎದ್ದು ಬಂದ. "ಟೀಚರ್, ಹಳ್ಳದ ಆಚೆಯವ್ರನ್ನ ಈಗ ಬಿಡ್ಬೇಕು" ಅಂದ. ಬೇಗ ಮನೆಗೆ ಹೋಗುವ ಆಸೆಗೆ ಹೇಳುತ್ತಿದ್ದಾನೆ ಅಂದುಕೊಂಡೆ. "ಕೂತ್ಕೋ, ನಾಲ್ಕು ಗಂಟೆ ಆಗಲಿ" ಅಂದೆ. ಹೋಗಿ ಕೂತ. ಐದು ನಿಮಿಷಕ್ಕೆ ಮತ್ತೆ ಬಂದ. ಈ ಸಲ ಅವನ ಗಂಟಲು ಕಟ್ಟಿತ್ತು. "ಟೀಚರ್, ಆಮೇಲೆ ಸಂಕ ದಾಟೋಕೆ ಆಗಲ್ಲ."

ಟೀಚರಿಗೆ ಫೋನ್ ಮಾಡೋಣ ಅಂದರೆ ಅಲ್ಲಿ ನೆಟ್‌ವರ್ಕ್ ಇಲ್ಲ. ಅಡುಗೆಮನೆಗೆ ಹೋಗಿ ಅಕ್ಕನನ್ನು ಕೇಳಿದೆ. ಅವರು ಪಾತ್ರೆ ತೊಳೆಯುವುದನ್ನು ಅಲ್ಲೇ ಬಿಟ್ಟು ಎದ್ದರು. "ಅಯ್ಯೋ, ಹೌದು ಟೀಚರ್! ಹಳ್ಳ ಕೆಂಪಾದ್ರೆ ಮೂರು ಮಕ್ಳನ್ನ ಬಿಡ್ಬೇಕು. ನಮ್ ಟೀಚರ್ ಈ ಕಿಟಕೀಲಿ ನೋಡ್ತಾನೇ ಇರ್ತಾರೆ." ಕಿಟಕಿಯಿಂದ ಹಳ್ಳ ಕಾಣುತ್ತದೆ. ನೀರು ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಅಡಿಕೆ ಮರ ಹಾಸಿ ಮಾಡಿದ ಕಾಲುಸಂಕಕ್ಕೆ ಇನ್ನೊಂದು ಮೊಳ ಇತ್ತು, ಅಷ್ಟೇ.

ಆ ಮೂವರಲ್ಲಿ ಈ ಹುಡುಗ ಒಬ್ಬ. ಮಾತಾಡದ ಆ ಪುಟ್ಟಿ ಇನ್ನೊಬ್ಬಳು. ಅಕ್ಕ ಮೂವರನ್ನೂ ಕರೆದುಕೊಂಡು ಹೋಗಿ ದಾಟಿಸಿ ಬಂದರು. ಉಳಿದ ಹದಿನಾಲ್ಕು ಮಕ್ಕಳನ್ನು ಬಿಟ್ಟು ನಾನು ಹೋಗುವ ಹಾಗಿರಲಿಲ್ಲ. ಅವರು ವಾಪಸ್ ಬರುವ ತನಕ ಬಾಗಿಲಲ್ಲೇ ನಿಂತಿದ್ದೆ. ಅರ್ಧ ಗಂಟೆ. ಕಾಲು ನಡುಗುತ್ತಿತ್ತು.

ಸಂಜೆ ಮಕ್ಕಳೆಲ್ಲ ಹೋದ ಮೇಲೆ ಬೀರು ತೆಗೆದು ನೋಡಿದೆ. ಹಾಜರಿ ಪುಸ್ತಕ, ಅಕ್ಕಿ ಬೇಳೆ ಲೆಕ್ಕ, ಹಾಲಿನ ಪುಡಿ ಲೆಕ್ಕ, ಎಲ್ಲ ಅಚ್ಚುಕಟ್ಟಾಗಿದೆ. ಆ ಟೀಚರ್ ಎಷ್ಟು ಕಷ್ಟಪಡುತ್ತಾರೆ ಅಂತ ಪುಟ ಪುಟದಲ್ಲೂ ಕಾಣುತ್ತದೆ. ಆದರೆ ಹಳ್ಳ ಕೆಂಪಾದರೆ ಮೂವರನ್ನು ಬಿಡಬೇಕು ಅಂತ ಎಲ್ಲೂ ಇಲ್ಲ. ಅವರಿಗೆ ಅದು ದಿನಾ ಗೊತ್ತಿರುವ ವಿಷಯ, ಬರೆದಿಡಬೇಕು ಅಂತ ಯಾರಿಗೆ ಹೊಳೆಯುತ್ತದೆ? ನನ್ನ ಶಾಲೆಯ ಬಗ್ಗೆ ನಾನೂ ಏನೂ ಬರೆದಿಟ್ಟಿಲ್ಲ. ನಾಳೆ ನನಗೆ ಜ್ವರ ಬಂದರೆ ನನ್ನ ಮಕ್ಕಳ ಹತ್ತಿರ ಬರುವವರಿಗೆ ಏನು ಗೊತ್ತಿರುತ್ತದೆ?

ನಿಮ್ಮಲ್ಲಿ ಯಾರಾದರೂ ಇಂಥದ್ದು ಬರೆದಿಟ್ಟಿದ್ದೀರಾ? ಏನೇನು ಇರಬೇಕು? ಹೇಳಿ. ನಾಳೆ, ನಾಳಿದ್ದು ಇನ್ನೂ ಎರಡು ದಿನ ಅಲ್ಲೇ ಇರುತ್ತೇನೆ.

ಕರೂರು ಹೋಬಳಿ, ಸಾಗರ

ಅಕ್ಕ, ಓದಿ ಮೈ ಜುಂ ಅಂತು. ನಾನೂ ಅತಿಥಿ ಶಿಕ್ಷಕಿಯೇ. ನಮ್ಮ ಕಡೆ ಹಳ್ಳದ ಬದಲು ಶರಾವತಿ ಹಿನ್ನೀರು. 2025ರ ಜುಲೈನಲ್ಲಿ ಸೇತುವೆ ಆಗುವ ತನಕ ಸಾಗರಕ್ಕೆ ಹೋಗಬೇಕು ಅಂದರೆ ಲಾಂಚೇ ಗತಿ. ಆಚೆಯಿಂದ ಬದಲಿಗೆ ಬಂದವರಿಗೆ ಲಾಂಚಿನ ಟೈಮು ಹೇಳುತ್ತಿದ್ದವರು ಮಕ್ಕಳೇ. "ಟೀಚರ್, ನೀವು ಈಗ ಹೊರಡ್ದಿದ್ರೆ ಇಲ್ಲೇ ಉಳೀತೀರಿ" ಅಂತಿದ್ದರು. ಮಕ್ಕಳ ಮಾತು ನಂಬಿ ಅಂತ ಅವತ್ತಿಂದ ನಾನು ಎಲ್ಲರಿಗೂ ಹೇಳುತ್ತೇನೆ. ಮಳೆ, ದಾರಿ, ನೀರು, ಪ್ರಾಣಿ, ಈ ವಿಷಯದಲ್ಲಿ ಮಲೆನಾಡಿನ ಮಕ್ಕಳು ಸುಳ್ಳು ಹೇಳುವುದಿಲ್ಲ.

ಇನ್ನೊಂದು ಮಾತು. ನೀವು ಮೂರು ದಿನದ ಬದಲಿ ಅಂದಿರಿ. ನಾವು ಅತಿಥಿಗಳು ವರ್ಷಪೂರ್ತಿ ಬದಲಿಯೇ ಅಲ್ವಾ? ಜೂನ್‌ನಲ್ಲಿ ಬರುತ್ತೇವೆ, ವರ್ಷದ ಕೊನೆಗೆ ಬಿಡುಗಡೆ. ಮುಂದಿನ ಜೂನ್‌ನಲ್ಲಿ ಅದೇ ಶಾಲೆ ಸಿಗುತ್ತದೋ ಇಲ್ಲವೋ. ತಿಂಗಳಿಗೆ 10,000 ಇದ್ದದ್ದಕ್ಕೆ 2025ರ ಬಜೆಟ್‌ನಲ್ಲಿ 2,000 ಸೇರಿಸಿದರು. ನನಗೆ ಅದು ಎರಡು ಮೂರು ತಿಂಗಳದ್ದು ಒಟ್ಟಿಗೆ ಬರುತ್ತದೆ. ದುಡ್ಡಿನ ಕಷ್ಟ ಹೇಗೋ ತಡೆದುಕೊಳ್ಳುತ್ತೇನೆ. ಒಂಬತ್ತು ಹತ್ತು ತಿಂಗಳಲ್ಲಿ ಒಂದೊಂದು ಮಗುವಿನ ಬಗ್ಗೆ ತಿಳಿದುಕೊಂಡದ್ದೆಲ್ಲ ನನ್ನ ಜೊತೆಗೇ ಹೊರಟು ಹೋಗುತ್ತದಲ್ಲ, ಅದು ತಡೆಯಲು ಆಗುವುದಿಲ್ಲ. ಹಾಳೆ ಖಂಡಿತ ಬೇಕು. ಈ ಸಲ ನಾನೂ ಬರೆದಿಟ್ಟೇ ಬರುತ್ತೇನೆ.

ನಿವೃತ್ತ ಮುಖ್ಯ ಶಿಕ್ಷಕ, ಸೊರಬ

ತಂಗಿ, ನಿನ್ನ ಕಾಳಜಿ ದೊಡ್ಡದು. ಆದರೆ ಒಂದು ಎಚ್ಚರಿಕೆ ಹೇಳುತ್ತೇನೆ. ಇದನ್ನು ಪುಸ್ತಕ ಮಾಡಬೇಡ. ಪುಸ್ತಕ ಮಾಡಿದ ಕೂಡಲೇ ಅದಕ್ಕೊಂದು ನಮೂನೆ ಬರುತ್ತದೆ, ಯಾರಾದರೂ ಸಹಿ ಕೇಳುತ್ತಾರೆ, ತಪಾಸಣೆಗೆ ಬಂದವರು ನೋಡುತ್ತಾರೆ. ಆಮೇಲೆ ಅವರಿಗೆ ತೋರಿಸಲು ಬರೆಯುತ್ತೇವೆ. ಒಂದೇ ಹಾಳೆ ಸಾಕು. ಬೀರುವಿನ ಬಾಗಿಲ ಒಳಮೈಗೆ ಅಂಟಿಸು.

ನನ್ನ ಶಾಲೆಯಲ್ಲಿ ನಡೆದದ್ದು. ನಾನು ತರಬೇತಿಗೆ ಹೋಗಿದ್ದೆ. ಬೇರೆ ತಾಲೂಕಿನಿಂದ ಹೊಸದಾಗಿ ಬಂದಿದ್ದ ಹುಡುಗ ಮೇಷ್ಟ್ರು ಬದಲಿಗೆ ಬಂದಿದ್ದರು. ಒಂದು ಮಗು "ಸರ್, ನಮ್ಮ ಬೇಲಿ ಹತ್ರ ಮಂಗ ಸತ್ತಿದೆ" ಅಂದಿತಂತೆ. ಅವರು "ಆಯ್ತು, ಲೆಕ್ಕ ಮಾಡು" ಅಂದರಂತೆ. ಸಂಜೆ ನಾಲ್ಕೈದು ಮಕ್ಕಳು ನೋಡಲು ಹೋಗಿದ್ದರು. ನಮ್ಮ ತಾಲೂಕಿನ ಕ್ಯಾಸನೂರು ಕಾಡಿನಲ್ಲೇ 1957ರಲ್ಲಿ ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು. ಸತ್ತ ಮಂಗನ ಸುತ್ತ ಆ ಕಾಯಿಲೆ ಹರಡುವ ಉಣುಗು ಉದುರಿರುತ್ತದೆ. ಹತ್ತಿರ ಹೋಗಬಾರದು. ಆರೋಗ್ಯ ಕೇಂದ್ರಕ್ಕೆ ಕೂಡಲೇ ತಿಳಿಸಬೇಕು. ಮಳೆಗಾಲ ಮುಗಿದ ಮೇಲೆ ಬೇಸಿಗೆ ತನಕ ನಮ್ಮ ಶಾಲೆಯಲ್ಲಿ ಇದು ಅಕ್ಷರದಷ್ಟೇ ಮುಖ್ಯ ಪಾಠ. ದೇವರ ದಯೆ, ಯಾವ ಮಗುವಿಗೂ ಏನೂ ಆಗಲಿಲ್ಲ. ಆ ಮೇಷ್ಟ್ರದ್ದು ತಪ್ಪಿಲ್ಲ. ಹೇಳದೆ ಹೋದವನು ನಾನು. ಎರಡು ವಾರ ದಿನಾ ಬೆಳಗ್ಗೆ ಆ ಮಕ್ಕಳ ಹಣೆ ಮುಟ್ಟಿ ನೋಡುತ್ತಿದ್ದೆ.

ಡಿ.ಎಡ್ ಮುಗಿಸಿದವಳು, ಶಿಕಾರಿಪುರ

ಮೇಡಂ, ನಾನು ಟಿಇಟಿಗೆ (ಶಿಕ್ಷಕರ ಅರ್ಹತಾ ಪರೀಕ್ಷೆಗೆ) ಓದುತ್ತಿದ್ದೇನೆ. ಮುಂದಿನ ವರ್ಷ ಅತಿಥಿಯಾಗಿ ಅರ್ಜಿ ಹಾಕುವ ಆಸೆ ಇದೆ. ನಲಿಕಲಿ ಓದಿ ಗೊತ್ತು, ಮಾಡಿ ಗೊತ್ತಿಲ್ಲ. ಒಂದು ದಿನಕ್ಕೆ ಬಂದವರಿಗೆ ನಿಭಾಯಿಸಲು ಆಗುತ್ತದಾ? ಆ ಹುಡುಗಿ ಸರ, ಅರಸ, ಗರಗಸ ಅಂತಲೇ ಯಾಕೆ ಬರೆದಳು?

ತೀರ್ಥಹಳ್ಳಿ ಕಡೆಯ ಅತಿಥಿ ಶಿಕ್ಷಕಿ

ಒಳ್ಳೆ ಪ್ರಶ್ನೆ ತಂಗಿ. ನಾವು ಕಲಿತಾಗ ಅ ಆ ಇ ಈ ಅಂತ ಶುರು. ನಲಿಕಲಿಯಲ್ಲಿ ರ, ಗ, ಸ, ದ, ಅ ಅಂತ ಶುರು. ಈ ಐದೇ ಅಕ್ಷರದಲ್ಲಿ ಸರ, ದಸರ, ಅಗಸ, ಅರಸ, ಗರಗಸ ಎಲ್ಲ ಬರುತ್ತವೆ. ಐದು ಅಕ್ಷರ ಬಂದ ಮಗು ಅವತ್ತೇ ಪದ ಓದುತ್ತದೆ. ಆಮೇಲೆ ಜ, ವ, ಮ, ಬ, ನ. ಅವಳು ಬರೆದ ಪದ ನೋಡಿಯೇ ಅವಳು ಎಲ್ಲಿದ್ದಾಳೆ ಅಂತ ನನಗೆ ಗೊತ್ತಾಯಿತು. ಬಾಯಿ ಬಿಡದಿದ್ದರೂ ಗೊತ್ತಾಯಿತು.

ಇದು ನಮ್ಮ ರಾಜ್ಯದಲ್ಲಿ 1995ರಲ್ಲಿ ಹೆಗ್ಗಡದೇವನ ಕೋಟೆ ಕಡೆ ಶುರುವಾದದ್ದು. ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದ ನಮ್ಮ ಟೀಚರುಗಳೇ ಕೂತು ಕಾರ್ಡು ತಯಾರಿಸಿದರು. ಪ್ರತಿ ಮಗುವಿಗೂ ತನ್ನ ಮೆಟ್ಟಿಲು ಗೊತ್ತಿರುತ್ತದೆ. ಒಂದು ವಾರ ಶಾಲೆ ತಪ್ಪಿದರೂ ಬಿಟ್ಟಲ್ಲಿಂದ ಶುರು ಮಾಡಬಹುದು. ಅಡಿಕೆ ಕೊಯ್ಲಿನ ಕಾಲದಲ್ಲಿ ನಮ್ಮ ಕಡೆ ಇದರ ಬೆಲೆ ಗೊತ್ತಾಗುತ್ತದೆ. ಬದಲಿ ಟೀಚರಿಗೂ ಅಷ್ಟೇ, ಮಕ್ಕಳೇ ದಾರಿ ತೋರಿಸುತ್ತಾರೆ. ಆದರೆ ಪಕ್ಕದಲ್ಲೇ ನಾಲ್ಕು, ಐದನೇ ತರಗತಿಯವರೂ ಇದ್ದರೆ ಕಷ್ಟ. ಇವತ್ತು ನಾನು ಅವರಿಗೆ ಸರಿಯಾಗಿ ಕೊಟ್ಟದ್ದು ಒಂದು ಗಂಟೆಯೂ ಇಲ್ಲ.

ಪೋಷಕ, ಶಿವಮೊಗ್ಗ

ನನಗೆ ಇದು ಸಿಟ್ಟು ತರಿಸಿತು. ಸಿಟ್ಟು ನಿಮ್ಮ ಮೇಲಲ್ಲ. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಒಂದರಿಂದ ಐದನೇ ತರಗತಿ ತನಕ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಇರಬೇಕು. ಅಲ್ಲಿ ಇನ್ನೊಬ್ಬರಿದ್ದಿದ್ದರೆ ಈ ಪ್ರಸಂಗವೇ ಬರುತ್ತಿರಲಿಲ್ಲ. ಹಾಳೆ ಅಂಟಿಸಿ ಸಮಾಧಾನ ಮಾಡಿಕೊಂಡರೆ ಆ ಎರಡನೇ ಹುದ್ದೆಯನ್ನು ಯಾರು ಕೇಳುತ್ತಾರೆ?

ತೀರ್ಥಹಳ್ಳಿ ಕಡೆಯ ಅತಿಥಿ ಶಿಕ್ಷಕಿ

ಸರ್, ನಿಮ್ಮ ಮಾತು ಪೂರ್ತಿ ಒಪ್ಪುತ್ತೇನೆ. ಎರಡನೇ ಹುದ್ದೆ ಕೇಳಲೇಬೇಕು, ನೀವು ಕೇಳಿ, ನಾವೂ ಜೊತೆಗಿರುತ್ತೇವೆ. ಆದರೆ ನಾಳೆ ಬೆಳಗ್ಗೆ ಹತ್ತು ಗಂಟೆಗೆ ಅಲ್ಲಿ ಇರುವುದು ನಾನೊಬ್ಬಳೇ. ಮಳೆ ನಿಂತಿಲ್ಲ.

ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಸಮಿತಿ) ಸದಸ್ಯ, ಹೊಸನಗರ

ಟೀಚರೇ, ಅಪ್ಪನಾಗಿ ಹೇಳುತ್ತಿದ್ದೇನೆ. ನನ್ನ ಮಗಳೂ ಸಂಕ ದಾಟಿಯೇ ಶಾಲೆಗೆ ಹೋಗುವುದು. ಹಾಳೆಯಲ್ಲಿ ಬರೀ ಫೋನ್ ನಂಬರ್ ಬರೆದರೆ ಪ್ರಯೋಜನ ಇಲ್ಲ. ನೆಟ್‌ವರ್ಕ್ ಎಲ್ಲಿದೆ? ಯಾವ ಮನೆ ಹತ್ತಿರ, ಹಗಲು ಹೊತ್ತು ಆ ಮನೆಯಲ್ಲಿ ಯಾರಿರುತ್ತಾರೆ ಅಂತ ಬರೆಯಿರಿ. ನಾವೆಲ್ಲ ತೋಟಕ್ಕೆ ಹೋಗಿರುತ್ತೇವೆ. ಮನೆಯಲ್ಲಿರುವುದು ಅಜ್ಜಿ ಅಜ್ಜ. ಕೂಗಿದರೆ ಕೇಳುವಷ್ಟು ದೂರದಲ್ಲಿ ಯಾರಿದ್ದಾರೆ ಅನ್ನೋದು ಮುಖ್ಯ.

ಮತ್ತೆ ದಾಟಿಸಿ ಬಿಟ್ಟರೆ ಮುಗಿಯಿತು ಅಂತ ಅಲ್ಲ. ಆಚೆ ದಡದಲ್ಲಿ ಯಾರಾದರೂ ದೊಡ್ಡವರು ನಿಂತಿರಬೇಕು. ಜೋರು ಮಳೆಯಾದರೆ ನಾವು ಸರದಿ ಮೇಲೆ ಹೋಗಿ ನಿಲ್ಲುತ್ತೇವೆ. ನಿಮ್ಮ ಆ ಶಾಲೆಯ ಎಸ್‌ಡಿಎಂಸಿಯವರನ್ನೂ ಕೇಳಿ ನೋಡಿ, ಇಲ್ಲ ಅನ್ನಲಾರರು.

ಬಿಸಿಯೂಟದ ಅಡುಗೆಯವಳು

ಮಗನ ಹತ್ತಿರ ಟೈಪ್ ಮಾಡಿಸುತ್ತಿದ್ದೇನೆ. ಟೀಚರುಗಳು ವರ್ಷ ವರ್ಷ ಬದಲಾಗುತ್ತಾರೆ. ನಾನು ಹದಿನಾಲ್ಕು ವರ್ಷದಿಂದ ಇದೇ ಶಾಲೆಯಲ್ಲಿ ಬೇಯಿಸುತ್ತಿದ್ದೇನೆ. ಯಾವ ಮಗು ಮೊಟ್ಟೆ ತಿನ್ನುವುದಿಲ್ಲ, ಯಾವುದಕ್ಕೆ ಬಾಳೆಹಣ್ಣು, ಯಾವ ಮಗು ಬೆಳಗ್ಗೆ ಏನೂ ತಿನ್ನದೆ ಬರುತ್ತದೆ, ಯಾವ ಮಗು ತನ್ನ ಬಾಳೆಹಣ್ಣು ತಮ್ಮನಿಗೆ ಅಂತ ಜೇಬಿಗೆ ಹಾಕಿಕೊಳ್ಳುತ್ತದೆ, ಎಲ್ಲ ಗೊತ್ತು. ಹೊಸಬರು ಬಂದರೆ ಮೊದಲು ಅಡುಗೆಮನೆಗೆ ಬನ್ನಿ, ಒಂದು ಲೋಟ ಚಾ ಕುಡಿಯಿರಿ, ಕೇಳಿ. ಹೇಳುತ್ತೇವೆ.

ಕರೂರು ಹೋಬಳಿ, ಸಾಗರ

ಅಡುಗೆ ಅಕ್ಕ, ನಿಮ್ಮ ಮಾತು ನೂರಕ್ಕೆ ನೂರು ನಿಜ.

ತೀರ್ಥಹಳ್ಳಿ ಅಕ್ಕ, ಆ ಮಾತಾಡದ ಮಗುವನ್ನು ಮಾತಾಡಿಸಲೇಬೇಕು ಅಂತ ಹಟ ಮಾಡಬೇಡಿ. ಬದಲಿಗೆ ಹೋದಾಗ ನಮಗೆ ಒಂದು ಆಸೆ ಇರುತ್ತದೆ, ಸಂಜೆಯೊಳಗೆ ಎಲ್ಲ ಮಕ್ಕಳೂ ನಮ್ಮನ್ನು ಹಚ್ಚಿಕೊಳ್ಳಬೇಕು ಅಂತ. ಅವಳು ಹಚ್ಚಿಕೊಂಡ ಮೇಲೆ ನಾವು ಹೋಗಿಬಿಡುತ್ತೇವೆ. ಅವಳಿಗೆ ಒಂದು ಕೆಲಸ ಕೊಡಿ, ಅಷ್ಟೇ. ಹವಾಮಾನ ನಕ್ಷೆಗೆ ಚಿತ್ರ ಹಚ್ಚುವುದು, ಕಾರ್ಡು ಜೋಡಿಸುವುದು, ಇಂಥದ್ದು. ಅದು ಅವಳ ಟೀಚರ್ ವಾಪಸ್ ಬಂದ ಮೇಲೂ ಅವಳದೇ ಕೆಲಸವಾಗಿ ಉಳಿಯುತ್ತದೆ.

ತೀರ್ಥಹಳ್ಳಿ ಕಡೆಯ ಅತಿಥಿ ಶಿಕ್ಷಕಿ

ಮೂರು ದಿನ ಮುಗಿಯಿತು. ಎಲ್ಲರಿಗೂ ಕೈ ಮುಗಿಯುತ್ತೇನೆ, ಒಂದೊಂದು ಮಾತೂ ಉಪಯೋಗಕ್ಕೆ ಬಂತು.

ಎರಡನೇ ದಿನ ಹೋದ ಕೂಡಲೇ ಅಡುಗೆಮನೆಗೆ ಹೋದೆ. ಆಮೇಲೆ ಆ ಐದನೇ ತರಗತಿಯ ಹುಡುಗನನ್ನು ಕರೆದು, ಎಲ್ಲರ ಎದುರಿಗೆ, "ನಿನ್ನೆ ನೀನು ಹೇಳಿದ್ದೇ ಸರಿ, ನಾನು ಮೊದಲ ಸಲವೇ ಕೇಳಬೇಕಿತ್ತು" ಅಂದೆ. ಅವನು ಏನೂ ಹೇಳಲಿಲ್ಲ. ಮಧ್ಯಾಹ್ನ ಹೊತ್ತಿಗೆ ಸುಮ್ನೆ ಬಂದು ನನ್ನ ಕೊಡೆಯನ್ನು ನೀರಿಳಿಯುವ ಹಾಗೆ ತಿರುಗಿಸಿಟ್ಟು ಹೋದ.

ಹಾಳೆಯನ್ನು ನಾನು ಬರೆಯಲಿಲ್ಲ. ನಾಲ್ಕು ಮತ್ತು ಐದನೇ ತರಗತಿಯವರಿಗೇ ಕನ್ನಡ ಪೀರಿಯಡ್ಡಿನಲ್ಲಿ ಕೊಟ್ಟೆ. "ನಿಮ್ಮ ಶಾಲೆಗೆ ಹೊಸ ಟೀಚರ್ ಬಂದರೆ ಅವರಿಗೆ ಏನೇನು ಗೊತ್ತಿರಬೇಕು, ಬರೆಯಿರಿ" ಅಂದೆ. ಆರು ಮಕ್ಕಳು ಬರೆದದ್ದನ್ನು ಸೇರಿಸಿ ಒಂದು ಹಾಳೆ ಮಾಡಿದೆವು. ಹಳ್ಳಕ್ಕೆ ಒಂದು ಗುರುತು ಇದೆಯಂತೆ. ಬಟ್ಟೆ ಒಗೆಯುವ ಕಲ್ಲು ಮುಳುಗಿದರೆ ಬಿಡಬೇಕು. ಎರಡನೇ ತರಗತಿಯ ಒಬ್ಬನಿಗೆ ಎಡಗಿವಿ ಕೇಳುವುದಿಲ್ಲ, ಬಲಗಡೆ ನಿಂತು ಮಾತಾಡಬೇಕು. ಇದು ನನಗೆ ಎರಡು ದಿನವಾದರೂ ಗೊತ್ತಾಗಿರಲಿಲ್ಲ. ಹಿಂದಿನ ಬಾಗಿಲ ಮೂಲೆಯಲ್ಲಿ ಒಮ್ಮೆ ಹಾವು ಬಂದಿತ್ತು, ಚೀಲ ಅಲ್ಲಿಡಬಾರದು. ಹೊಸನಗರದ ಅಣ್ಣ ಹೇಳಿದ ಹಾಗೆ ಹತ್ತಿರದ ಮನೆಯ ಅಜ್ಜಿಯ ವಿಷಯವನ್ನೂ ಸೇರಿಸಿದೆವು. ಎಸ್‌ಡಿಎಂಸಿ ಅಧ್ಯಕ್ಷರು ಸಂಜೆ ಬಂದಿದ್ದರು. ಆಚೆ ದಡಕ್ಕೆ ಸರದಿ ಹಾಕಲು ಒಪ್ಪಿದ್ದಾರೆ.

ಆ ಪುಟ್ಟಿ ಮಾತಾಡಲಿಲ್ಲ. ಹವಾಮಾನ ನಕ್ಷೆಯ ಕೆಲಸ ಕೊಟ್ಟೆ. ಮೂರನೇ ದಿನ ನಾನು ಹೇಳುವ ಮೊದಲೇ ಹೋಗಿ ಮಳೆಯ ಚಿತ್ರ ಹಚ್ಚಿದ್ದಳು.

ಹಾಳೆಯನ್ನು ಬೀರುವಿನ ಬಾಗಿಲ ಒಳಮೈಗೆ ಅಂಟಿಸಿ ಬಂದಿದ್ದೇನೆ. ಅಂಟಿಸುವ ಮೊದಲು ಆ ಐದನೇ ತರಗತಿಯವನು "ಒಂದು ನಿಮಿಷ ಟೀಚರ್" ಅಂತ ತೆಗೆದುಕೊಂಡು ಹೋಗಿ ಕೆಳಗೆ ಇನ್ನೊಂದು ಸಾಲು ಸೇರಿಸಿದ. "ಒಂದನೇ ಕ್ಲಾಸಿನವಳ ಕೊಡೆ ಕಡ್ಡಿ ಮುರಿದಿದೆ, ಗಾಳಿಗೆ ತಿರುಗುತ್ತೆ, ಸಂಕದ ಮೇಲೆ ಅವಳನ್ನು ನಡುವೆ ನಡೆಸಬೇಕು."